ಅಕ್ಕನ ಎದುರು ಕೂತು ತಿಂದ ಸಿಹಿ

ನನಗೆ ನಲವತ್ತನಾಲ್ಕು ತುಂಬಿದ ವರ್ಷ ಆಷಾಢದಲ್ಲಿ ಅಕ್ಕನ ಕಾಲು ಉಳುಕಿತು. ಹಿತ್ತಲಿನ ಮೆಟ್ಟಿಲಲ್ಲಿ ಹೆಜ್ಜೆ ತಪ್ಪಿದ್ದಷ್ಟೆ, ದೊಡ್ಡದೇನಲ್ಲ. ಆದರೆ ಅವತ್ತು ಅವಳ ಕಾಲು ಉಳುಕದೇ ಹೋಗಿದ್ದರೆ, ಸಾಯುವವರೆಗೂ ನಾನು ನನ್ನ ನಾಲಿಗೆಯೇ ಕೆಟ್ಟಿದೆ ಎಂದು ನಂಬಿಕೊಂಡಿರುತ್ತಿದ್ದೆ.

ನಮ್ಮೂರಿನ ಹೋಟೆಲುಗಳಲ್ಲಿ ಸಿಹಿ ತಿನ್ನುವುದು ಅಷ್ಟು ಹಗುರವಾದ ಕೆಲಸವಲ್ಲ. ಒಂದೇ ಮೇಜಿಗೆ ಕೂತವರು ನಮಗೆ ಸಂಬಂಧಪಟ್ಟ ಸಂಗತಿಯೊಂದನ್ನು ನಮ್ಮಿಂದಲೇ ಮುಚ್ಚಿಟ್ಟಿದ್ದರೆ, ಬಾಯಿಗಿಟ್ಟ ಸಿಹಿ ಗಂಟಲು ಕಟ್ಟುವಷ್ಟು ಸಿಹಿಯಾಗುತ್ತದೆ. ಏನೂ ಮುಚ್ಚಿಡದವರ ಜೊತೆ ಕೂತರೆ ಅದೇ ಬಾಣಲೆಯಿಂದ ತೆಗೆದ ಅದೇ ಜಿಲೇಬಿ ಹದವಾಗಿರುತ್ತದೆ. ಮನೆಯಲ್ಲಿ ಮಾಡಿ ಮನೆಯಲ್ಲೇ ತಿಂದರೆ ಈ ತಾಪತ್ರಯವಿಲ್ಲ. ಹಾಗಾಗಿ ನಮ್ಮ ಮದುವೆಮನೆಗಳಲ್ಲಿ ಸಿಹಿಯನ್ನು ಎಲೆಗೆ ಬಡಿಸುವುದಿಲ್ಲ, ಪೊಟ್ಟಣ ಕಟ್ಟಿ ಕೈಗೆ ಕೊಡುತ್ತಾರೆ. ಹೆಣ್ಣು ನೋಡುವ ಶಾಸ್ತ್ರವೆಲ್ಲ ಹೋಟೆಲಿನಲ್ಲೇ. ಮೊದಲು ಕೇಸರಿಬಾತು, ಆಮೇಲೆ ಮಾತು. ಸೈಟು ಮಾರುವವರು ಖಾರಾಬೂಂದಿ ಮಾತ್ರ ತರಿಸಿದರೆ ಕೊಳ್ಳುವವರು ಕೈ ತೊಳೆದು ಎದ್ದುಬಿಡುತ್ತಾರೆ. ಸಕ್ಕರೆ ಕಾಯಿಲೆ ಇಲ್ಲದ ಗಂಡಸರು ಕೂಡ ಹೆಂಡತಿಯ ಜೊತೆ ಹೋಟೆಲಿಗೆ ಬಂದಾಗ ಸಕ್ಕರೆ ಕಾಯಿಲೆ ಎನ್ನುತ್ತಾರೆ. ತಾನು ತಿನ್ನದಿದ್ದರೆ ಏನು ಬಂತು, ಹೆಂಡತಿ ತಿಂದರೆ ಸಾಕಲ್ಲ ಎಂಬುದು ಅವರಿಗೆ ಎಷ್ಟು ಸಲ ಆದರೂ ಹೊಳೆಯುವುದಿಲ್ಲ. ಇನ್ನೊಬ್ಬರು ಸಿಹಿ ತಿನ್ನುವಾಗ ಮುಖ ನೋಡಬಾರದು ಎಂದು ನಮ್ಮ ಮಕ್ಕಳಿಗೆ ಚಿಕ್ಕಂದಿನಲ್ಲೇ ಹೇಳಿಕೊಡುತ್ತೇವೆ. ಹೋಟೆಲಿನ ಸಪ್ಲೈಯರುಗಳು ಮಾತ್ರ ನೋಡುತ್ತಾರೆ. ನೋಡಿ, ಏನೂ ಮಾತಾಡದೆ ಒಂದು ಲೋಟ ನೀರು ತಂದಿಡುತ್ತಾರೆ.

ನನ್ನ ಮುಂದೆ ಅಂಥ ನೀರಿನ ಲೋಟ ಲೆಕ್ಕವಿಲ್ಲದಷ್ಟು ಸಲ ಬಂದಿದೆ. ಆದರೆ ಅದರಿಂದ ನನಗೆ ಯಾವತ್ತೂ ಅನುಮಾನ ಬರಲಿಲ್ಲ. ನನಗೆ ಮೂರು ವರ್ಷವಾಗಿದ್ದಾಗ ವಿಷಮಜ್ವರ ಬಂತು, ಆಗ ಎಡಗಿವಿ ಕೇಳಿಸದಂತಾಯಿತು, ಅದೇ ಜ್ವರದಲ್ಲಿ ನಾಲಿಗೆಯೂ ಕೆಟ್ಟಿತು ಎಂದು ಅಕ್ಕ ಹೇಳಿದ್ದಳು. "ನಿಂಗೆ ಸಿಹಿ ಯಾವಾಗ್ಲೂ ಜಾಸ್ತಿ ಅನ್ಸತ್ತೆ ತ್ರಿಪುರಾ, ಅದಕ್ಕೇ ಮನೇಲಿ ನಾನು ಸಕ್ಕರೆ ಕಮ್ಮಿ ಹಾಕ್ತೀನಿ," ಎನ್ನುತ್ತಿದ್ದಳು. ಊರಿನವರಿಗೂ ಹಾಗೇ ಹೇಳಿದ್ದಳು. ಹುಟ್ಟಿನಿಂದಲೋ ಕಾಯಿಲೆಯಿಂದಲೋ ನಾಲಿಗೆ ಹೀಗಾದವರು ಊರಲ್ಲಿ ಇನ್ನೂ ಒಬ್ಬಿಬ್ಬರು ಇದ್ದರು. ಅವರ ಸಾಲಿಗೆ ನನ್ನನ್ನೂ ಸೇರಿಸಿ ಎಲ್ಲರೂ ಸುಮ್ಮನಾದರು.

ನನ್ನ ಅಕ್ಕ ಮಂದಾಕಿನಿ ನನಗಿಂತ ಹನ್ನೊಂದು ವರ್ಷ ದೊಡ್ಡವಳು. ಹೆಣ್ಣುಮಕ್ಕಳ ಶಾಲೆಯಲ್ಲಿ ಹೊಲಿಗೆ ಟೀಚರು. ಅಪ್ಪ, ಆಮೇಲೆ ಅಮ್ಮ ಹೋದ ಮೇಲೆ ನನ್ನನ್ನು ಓದಿಸಿದವಳು, ತಲೆ ಬಾಚಿದವಳು, ಮೊದಲ ಸಲ ಮುಟ್ಟಾದಾಗ ಬಾಗಿಲು ಹಾಕಿಕೊಂಡು ಎಲ್ಲ ಹೇಳಿಕೊಟ್ಟವಳು ಅವಳೇ. ಬಂದ ಗಂಡುಗಳನ್ನೆಲ್ಲ ಬೇಡವೆಂದು ಮದುವೆಯಾಗದೆ ಉಳಿದಳು. ನಾನೂ ಉಳಿದೆ. ನನ್ನ ಕಥೆ ಬೇರೆ, ಒಂದು ಕಿವಿ ಕೇಳಿಸುವುದಿಲ್ಲ ಎಂದು ತಿಳಿದ ಕೂಡಲೇ ಬಂದವರು ಎದ್ದು ಹೋಗುತ್ತಿದ್ದರು. ನಾನು ಪೇಟೆಬೀದಿಯ ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜಿ ಫ್ರೇಮಿಗೆ ಕೂರಿಸುವ ಕೆಲಸ ಮಾಡುತ್ತೇನೆ. ಪ್ರತಿ ತಿಂಗಳ ಮೊದಲನೆಯ ಭಾನುವಾರ ಅಕ್ಕ, ನಾನು ಕಮಾನು ಹೋಟೆಲಿಗೆ ಹೋಗಿ ಊಟ ಮಾಡುತ್ತಿದ್ದೆವು. ಅವಳು ತನ್ನ ಪಾಯಸವನ್ನು ಬಟ್ಟಲಿನ ತಳದವರೆಗೂ ಕೆರೆದು ತಿನ್ನುತ್ತಿದ್ದಳು. ನಾನು ಎರಡು ಚಮಚ ತಿಂದು, ನೀರು ಕುಡಿದು, ಉಳಿದದ್ದನ್ನು ಅವಳ ಕಡೆಗೆ ಸರಿಸುತ್ತಿದ್ದೆ. ಬೇರೆ ಯಾರ ಜೊತೆಗೂ ನಾನು ಹೋಟೆಲಿಗೆ ಹೋದವಳಲ್ಲ. ಹೋಗಬೇಡ ಎಂದು ಅಕ್ಕ ಯಾವತ್ತೂ ಹೇಳಿರಲಿಲ್ಲ. ಆದರೆ ಯಾರಾದರೂ ಕರೆದರೆ ತಾನೂ ಹೊರಟು ನಿಲ್ಲುತ್ತಿದ್ದಳು.

ಅಕ್ಕನ ಕಾಲು ಉಳುಕಿದ ವಾರವೇ ನಮ್ಮ ಅಂಗಡಿಯಲ್ಲಿ ಕಣ್ಣು ಪರೀಕ್ಷೆ ಮಾಡುವ ಫಿಲೋಮಿನಾಳ ಹುಟ್ಟುಹಬ್ಬ ಬಂತು. ಅವಳು ಊರಿಗೆ ಬಂದು ಐದು ತಿಂಗಳಾಗಿತ್ತು. ಬಾಯಿಗೆ ಬಂದದ್ದನ್ನು ತಡೆದುಕೊಳ್ಳುವುದು ಗೊತ್ತಿಲ್ಲದ ಹೆಂಗಸು. ಗಿರಾಕಿಯ ಮುಖಕ್ಕೇ "ಈ ಫ್ರೇಮ್ ನಿಮಗೆ ಚೆನ್ನಾಗಿಲ್ಲ" ಎಂದು ಹೇಳಿ ಮಾಲೀಕರಿಂದ ಬೈಸಿಕೊಳ್ಳುತ್ತಿದ್ದಳು. ಮಧ್ಯಾಹ್ನ ನನ್ನ ಕೈ ಹಿಡಿದುಕೊಂಡು ಬಸ್‌ಸ್ಟ್ಯಾಂಡಿನ ಹತ್ತಿರದ ಹೋಟೆಲಿಗೆ ಎಳೆದುಕೊಂಡು ಹೋದಳು. ಕೇಳದೆಯೇ ಎರಡು ಪ್ಲೇಟು ಜಾಮೂನು ತರಿಸಿದಳು.

"ನಂಗೆ ಸಿಹಿ ಆಗಲ್ಲ ಫಿಲೋಮಿನಾ, ನಾಲಿಗೆ ಸರಿ ಇಲ್ಲ," ಎಂದೆ.

"ಒಂದು ತುಂಡು ತಿನ್ರೀ. ನಮ್ಮನೆಯವ್ರು ಫೋನ್ ಕೂಡ ಮಾಡಿಲ್ಲ ಇವತ್ತು. ನೀವೂ ಬೇಡ ಅಂದ್ರೆ ನಾನು ಇಲ್ಲೇ ಅಳ್ತೀನಿ."

ನೀರಿನ ಲೋಟವನ್ನು ಹತ್ತಿರಕ್ಕೆ ಎಳೆದುಕೊಂಡು ಒಂದು ತುಂಡು ಬಾಯಿಗಿಟ್ಟೆ. ಗಂಟಲು ಕಟ್ಟುತ್ತದೆ ಎಂದು ಕಾದೆ. ಕಟ್ಟಲಿಲ್ಲ. ಏಲಕ್ಕಿಯ ಪರಿಮಳ ಬಂತು, ಹಾಲಿನ ರುಚಿ ಬಂತು, ಕರಿದದ್ದರ ಒಂದು ಸಣ್ಣ ಕಹಿಯೂ ಬಂತು. ಸಿಹಿಯ ಹಿಂದೆ ಇಷ್ಟೆಲ್ಲ ಇರುತ್ತದೆಂದು ನನಗೆ ಗೊತ್ತೇ ಇರಲಿಲ್ಲ. ಇನ್ನೊಂದು ತುಂಡು ತಿಂದೆ. ಎರಡು ಜಾಮೂನು ಮುಗಿಸಿ ಅವಳ ಪ್ಲೇಟಿನಲ್ಲಿದ್ದ ಒಂದನ್ನೂ ತಿಂದೆ.

"ಆಗಲ್ಲ ಅಂದ್ರಿ?" ಎಂದು ನಕ್ಕಳು ಫಿಲೋಮಿನಾ. ನನ್ನ ಮುಖ ನೋಡಿ ನಗು ನಿಲ್ಲಿಸಿದಳು. "ಏನಾಯ್ತ್ರೀ?"

ನನ್ನ ನಾಲಿಗೆ ಸರಿಯಾಗಿಯೇ ಇತ್ತು. ಹಾಗಿದ್ದರೆ ಇಷ್ಟು ವರ್ಷ ನನ್ನ ಎದುರಿಗೆ ಕೂತಿದ್ದವಳು ಒಬ್ಬಳೇ.

ಅವತ್ತು ಸಂಜೆ ಅಕ್ಕನ ಕಾಲಿಗೆ ಎಣ್ಣೆ ತಿಕ್ಕುತ್ತ ಅವಳ ಮುಖವನ್ನೇ ನೋಡುತ್ತಿದ್ದೆ. "ಯಾಕೆ ಹಾಗೆ ನೋಡ್ತೀಯ?" ಎಂದಳು. "ಏನಿಲ್ಲ" ಎಂದೆ. ಮರುದಿನ ಅವಳು ಮಲಗಿದ್ದಾಗ ನಾನೇ ಅಡುಗೆಮನೆಯಲ್ಲಿ ಶ್ಯಾವಿಗೆ ಪಾಯಸ ಮಾಡಿದೆ. ಸಕ್ಕರೆ ಡಬ್ಬಿಯಲ್ಲಿ ಅಕ್ಕನ ಅಳತೆಯ ಬಟ್ಟಲು ಇತ್ತು. ಪಕ್ಕದ ಮನೆಯ ರತ್ನಾಬಾಯಿಯನ್ನು ಕರೆದು ಎಷ್ಟು ಹಾಕಬೇಕೆಂದು ಕೇಳಿದೆ. ಆಕೆ ಹೇಳಿದ ಅಳತೆಗೂ ಅಕ್ಕ ಯಾವಾಗಲೂ ಹಾಕುವ ಅಳತೆಗೂ ಒಂದು ಹರಳಿನಷ್ಟೂ ವ್ಯತ್ಯಾಸವಿರಲಿಲ್ಲ. ಸಕ್ಕರೆ ಕಡಿಮೆ ಹಾಕುತ್ತೇನೆ ಎಂದದ್ದು ಸುಳ್ಳು. ಕಡಿಮೆ ಹಾಕುವ ಅಗತ್ಯವೇ ಇಲ್ಲವೆಂದು ಅವಳಿಗೆ ಗೊತ್ತಿತ್ತು.

ಅಲ್ಲಿಂದಾಚೆ ನನಗೆ ಮನೆಯಲ್ಲಿ ಯಾವುದೂ ಮೊದಲಿನಂತೆ ಕಾಣಲಿಲ್ಲ. ಅಕ್ಕ ಕಬ್ಬಿಣದ ಪೆಟ್ಟಿಗೆಗೆ ಬೀಗ ಯಾಕೆ ಹಾಕುತ್ತಾಳೆ? ಅವಳು ಮತ್ತೆ ಶಾಲೆಗೆ ಹೋಗತೊಡಗಿದ ಮೇಲೆ ಬೀಗದಕೈ ಹುಡುಕಿ ತೆಗೆದೆ. ಅಮ್ಮನ ಎರಡು ಸೀರೆ, ಒಂದು ಜೊತೆ ಕಾಲುಂಗುರ, ನನ್ನ ಅಂಕಪಟ್ಟಿಗಳು ಸಿಕ್ಕವು. ನನ್ನ ಜನನಪತ್ರವನ್ನು ಬೆಳಕಿಗೆ ಹಿಡಿದು ನೋಡಿದೆ. ಅಪ್ಪ ಅಮ್ಮನ ಹೆಸರು ಸರಿಯಾಗಿಯೇ ಇತ್ತು. ಆದರೂ ನಾನು ಇವರ ಮಗಳೇ ಅಲ್ಲವೇನೋ, ಅಕ್ಕನೇ ನನ್ನ ತಾಯಿಯೇನೋ ಎಂದುಕೊಂಡೆ. ಹನ್ನೊಂದು ವರ್ಷದ ಹುಡುಗಿ ತಾಯಿಯಾಗುವುದುಂಟೇ ಎಂದು ನನಗೇ ನಾಚಿಕೆಯಾಯಿತು. ನನ್ನನ್ನು ಒಪ್ಪಿದ ಗಂಡು ಯಾರಾದರೂ ಇದ್ದು, ಅವನನ್ನು ಅಕ್ಕನೇ ಹಿಂದಕ್ಕೆ ಕಳಿಸಿದಳೇನೋ ಎಂದುಕೊಂಡೆ. ಇದು ಮನಸ್ಸಿನಲ್ಲಿ ಬೇರೂರಿಬಿಟ್ಟಿತು. ಅವಳು ನಕ್ಕರೆ ನಾಟಕ ಅನ್ನಿಸುತ್ತಿತ್ತು, ಸುಮ್ಮನಿದ್ದರೆ ಹೂಟ ಅನ್ನಿಸುತ್ತಿತ್ತು. ಕುಂಟಿಕೊಂಡು ಬಂದು ನನ್ನ ಡಬ್ಬಿಗೆ ಮೊಸರನ್ನ ತುಂಬುತ್ತಿದ್ದರೂ ಇಷ್ಟು ಒಳ್ಳೆಯವಳಾಗಿರುವುದಕ್ಕೆ ಏನೋ ಕಾರಣ ಇರಬೇಕು ಎಂದು ಅವಳ ಕೈಗಳನ್ನೇ ನೋಡುತ್ತ ನಿಲ್ಲುತ್ತಿದ್ದೆ.

ನಮ್ಮವರು ಎಂದು ಉಳಿದಿದ್ದವರು ಇನ್ನೊಬ್ಬರೇ, ಅಮ್ಮನ ತಮ್ಮ ಅಶ್ವತ್ಥ ಮಾವ. ಸರ್ಕಾರಿ ಆಸ್ಪತ್ರೆಯಲ್ಲಿ ಕಾಂಪೌಂಡರಾಗಿದ್ದು ನಿವೃತ್ತರಾದವರು, ಎಂಬತ್ತು ದಾಟಿದ್ದರು. ಒಂದು ಬುಧವಾರ ಅಂಗಡಿಗೆ ರಜ ಹಾಕಿ ಅವರನ್ನು ಅವರ ಮನೆ ಹತ್ತಿರದ ಹೋಟೆಲಿಗೆ ಕರೆದುಕೊಂಡು ಹೋದೆ. ಕನ್ನಡಕ ಬದಲಾಯಿಸಿ ಕೊಡುತ್ತೇನೆ, ಅಳತೆ ನೋಡಬೇಕು ಎಂಬ ನೆಪ. ಅವರಿಗೆ ಕಾಫಿ ಹೇಳಿ ನನಗೆ ಒಂದು ಮೈಸೂರು ಪಾಕು ತರಿಸಿದೆ. ಮಾವ ಮೈಸೂರು ಪಾಕನ್ನೂ ನನ್ನನ್ನೂ ನೋಡಿದರು. ಕಾಫಿ ಲೋಟ ಕೆಳಗಿಟ್ಟರು.

"ಅದನ್ನ ಯಾಕೆ ತರಿಸ್ದೆ?"

"ತಿನ್ನಬೇಕು ಅನ್ನಿಸ್ತು ಮಾವ."

ಒಂದು ಮೂಲೆ ಮುರಿದು ಬಾಯಿಗಿಟ್ಟೆ. ಕೂಡಲೇ ಗಂಟಲು ಕಟ್ಟಿತು. ಕಣ್ಣಲ್ಲಿ ನೀರು ಬಂತು. ಯಾವಾಗಲೂ ಅಕ್ಕನ ಎದುರು ಆಗುತ್ತಿದ್ದದ್ದು ಇದೇ. ಸಪ್ಲೈಯರು ಎಲ್ಲಿದ್ದನೋ, ನೀರು ತಂದಿಟ್ಟು ಹೋದ.

ಮಾವ ಶಲ್ಯದಿಂದ ಬಾಯಿ ಒರೆಸಿಕೊಂಡರು. ಲೋಟವನ್ನು ಆಚೆ ಸರಿಸಿದರು. ಕೊನೆಗೆ, "ನನ್ನ ಕೇಳ್ಬೇಡ ಕಣಮ್ಮ. ಮಾತು ಕೊಟ್ಟಿದೀನಿ. ಅವಳನ್ನೇ ಕೇಳು," ಎಂದರು.

"ಕೆಟ್ಟದ್ದಾ ಮಾವ?"

"ಆಗ ಅವಳೂ ಹುಡುಗಿ. ಅಷ್ಟು ಮಾತ್ರ ನೆನಪಿಟ್ಕೊಂಡು ಕೇಳು."

ಮೊದಲನೆಯ ಭಾನುವಾರಕ್ಕೆ ಇನ್ನು ನಾಲ್ಕು ದಿನವಿತ್ತು. ಮನೆಯಲ್ಲೇ ಕೇಳಬಹುದಿತ್ತು. ಆದರೆ ಮನೆಯಲ್ಲಿ ಅವಳು ಏನು ಹೇಳಿದರೂ ನಿಜವೋ ಅಲ್ಲವೋ ತಿಳಿಯುವ ದಾರಿಯಿರಲಿಲ್ಲ. ನನ್ನನ್ನು ಸಾಕಿದವಳ ಮಾತನ್ನು ಹೀಗೆ ಒರೆಗೆ ಹಚ್ಚಬೇಕಾಯಿತಲ್ಲ ಎಂದು ಆ ನಾಲ್ಕು ದಿನವೂ ಅವಳ ಕಣ್ಣು ತಪ್ಪಿಸಿಕೊಂಡು ಓಡಾಡಿದೆ. ಆದರೂ ಕಾದೆ.

ಭಾನುವಾರ ಅಕ್ಕನ ಕಾಲು ವಾಸಿಯಾಗಿತ್ತು. ಬಾದಾಮಿ ಬಣ್ಣದ ಸೀರೆ ಉಟ್ಟಳು. ಕಮಾನು ಹೋಟೆಲಿನಲ್ಲಿ ನಾವು ಕೂರುವ ಕಿಟಕಿ ಪಕ್ಕದ ಮೇಜು ಖಾಲಿಯಿತ್ತು. ಸಪ್ಲೈಯರ್ ಭುಜಂಗ ಊಟ ತಂದಿಟ್ಟ. ನಮ್ಮ ಶಾಲೆಯಲ್ಲಿ ಹೊಸ ಹೊಲಿಗೆ ಮೆಷಿನ್ನು ಬಂದಿದೆ, ಹುಡುಗಿಯರು ಅದರ ಸೂಜಿ ಮೊದಲ ದಿನವೇ ಮುರಿದರು ಎಂದು ಅಕ್ಕ ಹೇಳುತ್ತಿದ್ದಳು. ನಾನು ಹೂಂ ಎನ್ನುತ್ತಿದ್ದೆ. ಸಾರು, ಪಲ್ಯ, ಮಜ್ಜಿಗೆಹುಳಿ ಎಲ್ಲ ಮುಗಿದ ಮೇಲೆ ಭುಜಂಗ ಎರಡು ಬಟ್ಟಲು ಗಸಗಸೆ ಪಾಯಸ ತಂದ.

ಅವಳು ನಾನು ತಿನ್ನುವವರೆಗೂ ಕಾಯಲಿಲ್ಲ, ಅವಳಿಗೆ ಪಾಯಸ ಎಂದರೆ ಅಷ್ಟು ಆಸೆ. ಒಂದು ಚಮಚ ತುಂಬ ಬಾಯಿಗಿಟ್ಟಳು. ಇಟ್ಟವಳು ಹಾಗೇ ಕೂತುಬಿಟ್ಟಳು. ಗಂಟಲು ಕುಲುಕಿತು. ನುಂಗಲಾಗದೆ ಒಂದು ಕ್ಷಣ ಕಣ್ಣು ಮುಚ್ಚಿ, ಕಷ್ಟಪಟ್ಟು ನುಂಗಿದಳು.

ಆಗ ನನಗೆ ಹೊಳೆಯಿತು. ನಾನೂ ಅವಳಿಂದ ಮುಚ್ಚಿಟ್ಟಿದ್ದೆ. ಪೆಟ್ಟಿಗೆ ತೆಗೆದದ್ದು, ಮಾವನನ್ನು ಕಂಡದ್ದು, ತಿಂಗಳಿಡೀ ಅನುಮಾನಪಟ್ಟದ್ದು. ನಲವತ್ತು ವರ್ಷದಲ್ಲಿ ಮೊದಲ ಸಲ ಅಕ್ಕನ ಬಾಯಲ್ಲಿ ಸಿಹಿ ಏರಿತ್ತು.

ಭುಜಂಗ ನೀರಿನ ಲೋಟ ಹಿಡಿದುಕೊಂಡು ಬಂದ. ಅಭ್ಯಾಸಬಲದಿಂದ ನನ್ನ ಮುಂದೆ ಇಡಲು ಹೋಗಿ, ಅಕ್ಕನ ಮುಖ ನೋಡಿ, ಲೋಟ ಕೈಯಲ್ಲೇ ಹಿಡಿದು ನಿಂತ. ಆಮೇಲೆ ಅವಳ ಮುಂದೆ ಇಟ್ಟು ಹೋದ.

"ಯಾರ ಜೊತೆ ತಿಂದೆ?" ಅಕ್ಕ ಕೇಳಿದಳು. ದನಿ ತಣ್ಣಗಿತ್ತು.

"ಫಿಲೋಮಿನಾ ಜೊತೆ. ಜಾಮೂನು."

"ಹೇಗಿತ್ತು?"

"ಚೆನ್ನಾಗಿತ್ತು ಅಕ್ಕ. ತುಂಬಾ ಚೆನ್ನಾಗಿತ್ತು. ಆಮೇಲೆ ನಿನ್ನ ಮೇಲೆ ಅನುಮಾನಪಟ್ಟು ಪೆಟ್ಟಿಗೆ ತೆಗೆದು ನೋಡ್ದೆ, ಮಾವನ್ನೂ ಕಂಡೆ."

ಅವಳು ತಲೆ ಆಡಿಸಿದಳು. ಕಿಟಕಿಯ ಹೊರಗೆ ಯಾರೋ ಸೈಕಲ್ಲಿಗೆ ಗಾಳಿ ಹೊಡೆಯುತ್ತಿದ್ದರು. ಅದನ್ನೇ ನೋಡುತ್ತ, "ತಿಂಗಳು ತಿಂಗಳು ಇಲ್ಲಿ ಬಂದು ನನ್ನ ಬಟ್ಟಲಿನದನ್ನ ತಿನ್ನೋವಾಗ, ಇವಳು ನನ್ನಿಂದ ಏನೂ ಮುಚ್ಚಿಟ್ಟಿಲ್ಲ ಅಂತ ನಂಗೆ ಗೊತ್ತಾಗೋದು. ನಿಂದನ್ನ ನೀನು ನನ್ನ ಕಡೆ ಸರ್‍ಸೋವಾಗ ಎದೆ ಹಿಂಡೋದು. ಆದ್ರೂ ಬರ್ತಿದ್ದೆ," ಎಂದಳು.

"ಯಾಕೆ ಬರ್ತಿದ್ದೆ?"

"ಒಂದಲ್ಲ ಒಂದು ಸಲ ನೀನು ಕೇಳ್ತೀಯ ಅಂತ. ಕೇಳಿದ್ರೆ ಹೇಳ್ಬಿಡೋಣ ಅಂತ. ನೀನು ಕೇಳ್ತಾನೇ ಇರ್ಲಿಲ್ಲ."

"ಕೇಳದ ಹಾಗೆ ನೀನೇ ತಾನೆ ಮಾಡಿದ್ದು? ನಾಲಿಗೆ ಕೆಟ್ಟಿದೆ ಅಂದೋರು ಯಾರು?"

"ನಾನೇ," ಎಂದಳು. "ಈಗ ಕೇಳು."

"ಏನು ಮುಚ್ಚಿಟ್ಟಿದೀಯ ಅಕ್ಕ?"

ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚಿದಳು. ಆಮೇಲೆ ಒಂದೇ ಉಸಿರಿಗೆ ಹೇಳಿದಳು. ಅವಳಿಗೆ ಹದಿನಾಲ್ಕು, ನನಗೆ ಮೂರು. ಅಪ್ಪ ಊರಲ್ಲಿರಲಿಲ್ಲ, ಅಮ್ಮ ಬಾವಿಗೆ ಹೋಗಿದ್ದಳು. ಮಾರನೆಯ ದಿನ ಅಕ್ಕನಿಗೆ ಪರೀಕ್ಷೆ. ಚಿತ್ರಕಲೆಯ ಹಾಳೆಗಳನ್ನು ಹದಿನೈದು ದಿನ ಕೂತು ಬರೆದಿದ್ದಳು. ನಾನು ಮಸಿಯ ಬಾಟಲಿಯನ್ನು ಅವುಗಳ ಮೇಲೆ ಚೆಲ್ಲಿ, ಅದರಲ್ಲಿ ಕೈಯಾಡಿಸುತ್ತ ನಗುತ್ತಿದ್ದೆ. ಅಕ್ಕ ನನ್ನ ಕೆನ್ನೆಗೆ ಹೊಡೆದಳು. ಒಂದೇ ಏಟು. ಅಂಗೈಯೆಲ್ಲ ಕಿವಿಯ ಮೇಲೆ ಬಿತ್ತು. ನಾನು ಅಳಲಿಲ್ಲವಂತೆ. ಬಾಯಿ ತೆರೆದುಕೊಂಡು ಅವಳನ್ನೇ ನೋಡುತ್ತಿದ್ದೆನಂತೆ. ಆಮೇಲೆ ಕಿವಿಯಿಂದ ರಕ್ತ ಬಂತು.

"ಅಮ್ಮ ಬರೋದ್ರೊಳಗೆ ಒರೆಸ್ದೆ. ಎರಡು ದಿನ ಬಿಟ್ಟು ಕಿವಿ ಕೀವಾಯ್ತು, ಜ್ವರ ಬಂತು. ಜ್ವರ ಬಂದಿದ್ದು ನಿಜ ತ್ರಿಪುರಾ. ಆದ್ರೆ ಜ್ವರದಿಂದ ಕಿವಿ ಹೋಗ್ಲಿಲ್ಲ, ಕಿವಿಯಿಂದ ಜ್ವರ ಬಂತು. ಮಾವ ಔಷಧಿ ಹಾಕೋವಾಗ ನೋಡಿದ ತಕ್ಷಣ ಕಂಡುಹಿಡಿದ್ರು. ನಾನು ಕಾಲು ಹಿಡ್ಕೊಂಡೆ. ಅಮ್ಮಂಗೆ ಹೇಳ್ಬೇಡಿ ಅಂದೆ. ಅಮ್ಮ ಸಾಯೋವರ್ಗೂ ಜ್ವರ ಅಂತಲೇ ಅಂದ್ಕೊಂಡಿದ್ರು."

ನಾನು ಏನೇನೋ ಊಹಿಸಿಕೊಂಡಿದ್ದೆ. ಬಂದ ಗಂಡನ್ನು ಓಡಿಸಿರಬೇಕು, ಮನೆಯಲ್ಲಿ ಮೋಸವಾಗಿರಬೇಕು, ನಾನು ಯಾರದೋ ಮಗು ಇರಬೇಕು. ಒಂದು ಏಟು ಎಂದು ಊಹಿಸಿರಲಿಲ್ಲ. ಎಲ್ಲ ಮನೆಗಳಲ್ಲೂ ಅಕ್ಕಂದಿರು ತಂಗಿಯರಿಗೆ ಹೊಡೆಯುತ್ತಾರೆ. ಅದೇ ನಾನು ಅಂದುಕೊಂಡದ್ದು, ಅಥವಾ ಅಂದುಕೊಳ್ಳಲು ಯತ್ನಿಸಿದ್ದು. ಎದುರಿಗೆ ಐವತ್ತೈದು ವರ್ಷದ ಹೆಂಗಸು, ಕೂದಲು ಅರ್ಧ ಬೆಳ್ಳಗಾದವಳು, ನನ್ನಿಂದ ಶಿಕ್ಷೆಗೆ ಕಾದು ಕೂತಿದ್ದಳು. ಇವಳು ಮದುವೆಯಾಗದೆ ಉಳಿದದ್ದೂ ಇದಕ್ಕೇ ಎಂದು ಆಗ ತಿಳಿಯಿತು. ಕೈ ಚಾಚಿ ಅವಳ ಕೈ ಮುಟ್ಟಿದೆ.

"ಹೋಗ್ಲಿ ಬಿಡಕ್ಕ. ನೀನೂ ಚಿಕ್ಕೋಳು. ನಂಗೇನೂ ಬೇಜಾರಿಲ್ಲ."

ಅಕ್ಕ ನನ್ನ ಮುಖವನ್ನು ನೋಡಿದಳು. ಚಮಚ ತೆಗೆದುಕೊಂಡಳು. ತನ್ನ ಬಟ್ಟಲಿನಿಂದ ಒಂದಿಷ್ಟು ಪಾಯಸ ಬಾಯಿಗಿಟ್ಟಳು. ನಾನು ಕಲಿತದ್ದನ್ನೆಲ್ಲ ಮರೆತು ಅವಳನ್ನೇ ನೋಡುತ್ತಿದ್ದೆ. ಅವಳ ಗಂಟಲು ಮತ್ತೆ ಕುಲುಕಿತು, ಕಣ್ಣಿನ ಅಂಚು ಒದ್ದೆಯಾಯಿತು. ನೀರು ಕುಡಿಯಲಿಲ್ಲ. ಇನ್ನೊಂದು ಚಮಚ ತಿಂದಳು, ಮತ್ತೊಂದು. ಅಷ್ಟು ಸಿಹಿಯನ್ನು ಬಾಯಿ ಮುಚ್ಚಿಕೊಂಡು ನುಂಗುತ್ತಲೇ ಹೋದಳು.

"ಸಾಕು, ಬಿಡು ಅಕ್ಕ."

"ಇರ್ಲಿ. ನೀನು ಕೊಟ್ಟಿದ್ದು ತಿಂತೀನಿ."

ಅವಳ ಕೈಯಿಂದ ಚಮಚ ಕಿತ್ತುಕೊಂಡೆ. ಅದು ಕೆಳಗೆ ಬಿದ್ದು ಸದ್ದಾಯಿತು. ಪಕ್ಕದ ಮೇಜಿನವರು ತಿರುಗಿ ನೋಡಿ, ಮತ್ತೆ ತಮ್ಮ ಎಲೆಗೆ ಬಗ್ಗಿದರು.

"ಸಿಟ್ಟಿದೆ," ಎಂದೆ. ನನ್ನ ದನಿ ನನಗೇ ಗುರುತು ಸಿಗಲಿಲ್ಲ. "ತುಂಬಾ ಸಿಟ್ಟಿದೆ ನಂಗೆ. ಹೊಡೆದಿದ್ದಕ್ಕಲ್ಲ. ಟೆಲಿಫೋನ್ ಎಕ್ಸ್‌ಚೇಂಜಲ್ಲಿ ನಂಗೆ ಕೆಲಸ ಸಿಕ್ಕಿತ್ತು, ನೆನಪಿದೆಯಾ? ಇಪ್ಪತ್ತು ವರ್ಷ ನಂಗೆ. ಡಾಕ್ಟರು ಕಿವಿಗೆ ಗಡಿಯಾರ ಹಿಡಿದು, ಆಗಲ್ಲಮ್ಮ ಅಂದ್ರು. ದಾರಿಯೆಲ್ಲ ಅತ್ತೆ. ದೇವರು ನಂಗೆ ಜ್ವರ ಯಾಕೆ ಕೊಟ್ಟ ಅಂತ ಅತ್ತೆ. ನೀನು ನನ್ನ ಬೆನ್ನು ಸವರ್ತಾ ಪಕ್ಕದಲ್ಲೇ ನಡೀತಿದ್ದೆ. ಆಗ ಹೇಳ್ಬಹುದಿತ್ತಲ್ವಾ? ನಾನು ಸುಮ್ಮನೆ ದೇವರನ್ನ ಬೈದೆ. ನಿನ್ನನ್ನ ಬೈಬೇಕಿತ್ತು. ಬೈದು, ಒಂದು ತಿಂಗಳು ಮಾತು ಬಿಟ್ಟು, ಆಮೇಲೆ ಸರಿಹೋಗ್ತಿದ್ವಿ. ಅದನ್ನೂ ನೀನು ನಂಗೆ ಬಿಡ್ಲಿಲ್ಲ."

ಅಕ್ಕ ಅಳಲಿಲ್ಲ. ಪೂರ್ತಿ ಕೇಳಿಸಿಕೊಂಡಳು. "ಇನ್ನೂ ಇದೆಯಾ?" ಎಂದಳು.

"ಇದೆ. ಇವತ್ತಿಗೆ ಮುಗಿಯಲ್ಲ."

"ಮುಗಿಸ್ಬೇಡ."

ಭುಜಂಗ ಇನ್ನೊಂದು ಚಮಚ ತಂದಿಟ್ಟಿದ್ದ, ಯಾವಾಗ ಬಂದನೋ ಗೊತ್ತಾಗಲಿಲ್ಲ. ಬಟ್ಟಲಿನ ತಳದಲ್ಲಿ ಸ್ವಲ್ಪ ಪಾಯಸ ಉಳಿದಿತ್ತು. ಅಕ್ಕ ಚಮಚ ಎತ್ತಿಕೊಂಡು ಅದನ್ನು ಬಾಯಿಗಿಟ್ಟು, ನಿಧಾನವಾಗಿ, ಲೆಕ್ಕ ಹಾಕುವವಳ ಹಾಗೆ ಚಪ್ಪರಿಸಿದಳು. ಅವಳ ಮುಖ ಸಡಿಲವಾಯಿತು.

"ಸರಿಯಾಗಿದೆ," ಎಂದಳು ಮೆಲ್ಲಗೆ.

ನನ್ನ ಸಿಟ್ಟು ಒಂದು ಚೂರೂ ಇಳಿದಿರಲಿಲ್ಲ. ಎದೆಯಲ್ಲಿ ಕುದಿಯುತ್ತಲೇ ಇತ್ತು. ಎದ್ದು ಮನೆಗೆ ಹೋಗಿ ಬಾಗಿಲು ಹಾಕಿಕೊಂಡು ಕಿರುಚಬೇಕೆನ್ನಿಸಿತು. ಆದರೆ ಮೊದಲ ಸಲ ನನ್ನ ಬಟ್ಟಲನ್ನು ನಾನು ಅವಳ ಕಡೆಗೆ ಸರಿಸಲಿಲ್ಲ. ಹತ್ತಿರಕ್ಕೆ ಎಳೆದುಕೊಂಡೆ. ಗಸಗಸೆಗೆ ಇಂಥ ರುಚಿ ಇರುತ್ತದೆಂದು ಅಕ್ಕನ ಎದುರು ಕೂತು, ಅವಳ ಮೇಲೆ ಉರಿಯುತ್ತಲೇ, ನಾನು ಅವತ್ತು ತಿಳಿದುಕೊಂಡೆ. ಅವಳು ಆಸೆಯಿಂದ ನೋಡುತ್ತಿದ್ದಳು. ಒಂದು ಚಮಚವನ್ನೂ ಕೊಡಲಿಲ್ಲ.